ಹಲ್ಲಮ್ಮ ಓದಿದ ವಯಸ್ಸು

ನಮ್ಮ ಡಾಕ್ಟರಿಗೆ ಆಸ್ಪತ್ರೆಯಲ್ಲೆಲ್ಲ ಹಲ್ಲಮ್ಮ ಎಂದೇ ಹೆಸರು. ಹುಟ್ಟಿದ ದಿನಕ್ಕೆ ದಾಖಲೆ ಇಲ್ಲದವರನ್ನು ಕೋರ್ಟು ಅವರ ಬಳಿ ಕಳಿಸುತ್ತದೆ. ನಾನು ದವಡೆಯ ಎಕ್ಸ್-ರೇ ತೆಗೆದುಕೊಡುತ್ತೇನೆ; ಹಲ್ಲಿನ ಬೇರು ಎಷ್ಟು ಬೆಳೆದಿದೆ ಎಂದು ನೋಡಿ ಅವರು ವಯಸ್ಸು ಅಂದಾಜು ಮಾಡುತ್ತಾರೆ. ವಯಸ್ಸು ಮುಚ್ಚಿಡುವ ಅವರ ನಾದಿನಿ ಇವರೆದುರು ಬಾಯಿ ತುಂಬ ನಕ್ಕದ್ದೇ ಇಲ್ಲ.

ಹಲ್ಲಮ್ಮನದೊಂದು ಹಠ. ಫಿಲ್ಮು ಓದಿ ಮುಗಿಯುವ ತನಕ ಬಂದವರ ಮುಖ ನೋಡುವುದಿಲ್ಲ, ಕಥೆ ಕೇಳುವುದಿಲ್ಲ. ಮುಖ ಕಂಡರೆ ಕರುಣೆ ಬರುತ್ತದಂತೆ, ಕರುಣೆ ಬಂದರೆ ಉದ್ದ ಬೇರೂ ಗಿಡ್ಡ ಕಾಣುತ್ತದಂತೆ. ಇದು ಅತಿಯಾಯಿತು ಎಂದು ನಾನು ಎಷ್ಟೋ ಸಲ ಗೊಣಗಿದ್ದೇನೆ.

ಒಮ್ಮೆ ಮಕ್ಕಳ ಇಲಾಖೆಯ ಮಹಿಳಾ ಅಧಿಕಾರಿಯೊಬ್ಬರು ಹೊಲಿಗೆ ಕಾರ್ಖಾನೆಯ ಹುಡುಗಿಯನ್ನು ಕರೆತಂದರು. ಜೊತೆಗೆ ಅಕ್ಕನ ಕೈ ಬಿಡದ ಪುಟ್ಟ ತಂಗಿ. ಅಪ್ಪ ಅಮ್ಮ ಇಲ್ಲ. ಹುಡುಗಿ ತನಗೆ ಹತ್ತೊಂಬತ್ತು ಎಂದು ಪಟ್ಟು ಹಿಡಿದಿದ್ದಳು. ಹದಿನೆಂಟು ತುಂಬಿದ್ದರೆ ತಂಗಿಯನ್ನು ತಾನೇ ಸಾಕಬಹುದು. ಇಲ್ಲದಿದ್ದರೆ ಇಬ್ಬರೂ ಸರ್ಕಾರದ ಬಾಲಮಂದಿರಕ್ಕೆ, ಅದೂ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಕಡೆ. ಇದೆಲ್ಲ ನನಗೆ ಗೊತ್ತಿತ್ತು, ಒಳಗೆ ಕೂತ ಹಲ್ಲಮ್ಮನಿಗೆ ಗೊತ್ತಿರಲಿಲ್ಲ.

ಬುದ್ಧಿಹಲ್ಲು ಇನ್ನೂ ಮೂಳೆಯೊಳಗೇ ಇತ್ತು. ಅದರ ಮುಂದಿನ ದವಡೆಹಲ್ಲಿನ ಬೇರಿನ ತುದಿಯೂ ಮುಚ್ಚಿರಲಿಲ್ಲ. ಹದಿನಾಲ್ಕರಿಂದ ಹದಿನಾರು; ಎಷ್ಟು ಎಳೆದಾಡಿದರೂ ಹದಿನೆಂಟು ಮುಟ್ಟುವುದಿಲ್ಲ. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗರು, ಚಿಕ್ಕವರೆಂದು ತೀರ್ಮಾನವಾದರೆ ಬದುಕಿದೆವು ಅನ್ನುವವರು. ಅದೇ ರೂಢಿಯಲ್ಲಿ ಹಲ್ಲಮ್ಮ ನಗುತ್ತಾ ಹೊರಬಂದರು.

"ಹೆದರ್ಬೇಡ ಮಗು, ನಿನಗಿನ್ನೂ ಹದಿನೆಂಟಾಗಿಲ್ಲ" ಎಂದುಬಿಟ್ಟರು.

ಹುಡುಗಿ ತಂಗಿಯನ್ನು ಬರಸೆಳೆದುಕೊಂಡಳು. ಹಲ್ಲಮ್ಮ ಆಗ ಮುಖ ನೋಡಿದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಅವರು ಅಧಿಕಾರಿಯ ಕಡೆ ತಿರುಗಿ ಏನು ವಿಷಯವೆಂದು ಕೇಳಿದರು.

ವಿಷಯ ತಿಳಿದ ಮೇಲೂ ಅವರು ವಯಸ್ಸನ್ನು ತಿದ್ದಲಿಲ್ಲ. ಅಧಿಕಾರಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. ನಿಯಮ ಹಾಗಿದೆ ಹೀಗಿದೆ ಎಂದು ಆಕೆ ಹೇಳಿದ್ದೆಲ್ಲ ಕೇಳಿಸಿಕೊಂಡು, ಮೇಲಿನವರಿಗೆ ಫೋನು ಮಾಡಿಸಿ, ಅಕ್ಕತಂಗಿಯರನ್ನು ಒಂದೇ ಕಡೆ ಇಡುವುದಕ್ಕೆ ಒಪ್ಪಿಗೆ ಸಿಗುವ ತನಕ ಬೆನ್ನು ಬಿಡಲಿಲ್ಲ. ಹೊರಗೆ ಕಾಯುತ್ತಿದ್ದವರು ಬೈದುಕೊಂಡರೂ ಕದಲಲಿಲ್ಲ. ಆಮೇಲೆ ಬಂದು ಹುಡುಗಿಯ ಪಕ್ಕದಲ್ಲಿ ಕೂತರು.

"ತಂಗಿ ನಿನ್ನ ಜೊತೇಲೇ ಇರ್ತಾಳೆ. ಊಟ, ಬಟ್ಟೆ, ಶಾಲೆ ಎಲ್ಲಾ ಬಾಲಮಂದಿರದವ್ರೇ ನೋಡ್ಕೋತಾರೆ."

ಹುಡುಗಿ ತಂಗಿಯ ಕೆದರಿದ ಕೂದಲನ್ನು ಸರಿಮಾಡಿದಳು.

"ನನ್ನನ್ನೂ ನೋಡ್ಕೋತಾರಾ?" ಎಂದು ಕೇಳಿದಳು.