ಬೀದಿ ಬಿಡದ ಬಾಡಿಗೆಯಕ್ಕ
ಬಾಡಿಗೆಯಕ್ಕ ಮನೆ ಬದಲಿಸುತ್ತಾಳೆಯೇ ಹೊರತು ಬೀದಿ ಬದಲಿಸುವುದಿಲ್ಲ. ಈ ಹಳೇ ಬೀದಿಯಲ್ಲಿ ಅವಳು ಒಲೆ ಹಚ್ಚದ ಮನೆಯೇ ಇಲ್ಲ. ಮರೆತು ಹಿಂದಿನ ಮನೆಗೇ ನುಗ್ಗಿ, ಉಕ್ಕುತ್ತಿದ್ದ ಯಾರದೋ ಹಾಲು ಇಳಿಸಿ, "ಏನಮ್ಮಾ, ಒಲೆ ಮೇಲೆ ನಿಗಾ ಬೇಡ್ವಾ?" ಎಂದು ಆ ಮನೆಯವಳನ್ನೇ ಗದರಿಸಿ ಬರುತ್ತಾಳೆ. ಹೊಸ ಬಡಾವಣೆಯಲ್ಲಿ ಒಳ್ಳೆ ಮನೆಯಿದೆ ಎಂದರೆ, "ಅಲ್ಲಿ ಗಾಳಿ ಜಾಸ್ತಿ ಕಣ್ರೀ" ಎಂದು ಮೂಗು ಮುರಿಯುತ್ತಾಳೆ; ಇಲ್ಲಿ ಗಾಳಿಯೇ ಇಲ್ಲವೆಂದು ದಿನವೂ ಗೊಣಗುವವಳೂ ಅವಳೇ. ಅತ್ತೆಯನ್ನು ಬೈಯಲು ನಿಂತರಂತೂ ಬಾಯಿಗೆ ಬಿಡುವಿಲ್ಲ. ಆದರೆ ಪ್ರತಿ ಸಲ ಸಾಮಾನು ಇಳಿಸುವ ಮೊದಲು, ಕಣ್ಣು ಕಾಣದ ಆ ಅತ್ತೆಯನ್ನು ಹೊಸ ಹೊಸ್ತಿಲಿಂದ ಬೀದಿ ನಲ್ಲಿಯವರೆಗೆ ಕೈ ಹಿಡಿದು ನಡೆಸಿ, "ನಿಮ್ಮ ಹಳೇ ದಾರಿ ಬಂತು ಅತ್ತೆ, ನನ್ನ ಪ್ರಾಣ ತಿನ್ನದೆ ಎಲ್ಲಿಗಾದ್ರೂ ಹೋಗಿ" ಎನ್ನುತ್ತಾಳೆ. ಮುದುಕಿ ಗೋಡೆ ಮುಟ್ಟದೆ ನಡೆದುಹೋಗುತ್ತಾಳೆ. ಅವಳು ತಿರುವು ದಾಟುವವರೆಗೆ ಸಾಮಾನಿನ ಗಾಡಿ ಕಾಯುತ್ತದೆ.