ಮಸಿ ಡಬ್ಬಿಯ ಮುಂದೆ ಹುಸೇನಮ್ಮ

ಗುರುಗುಂಟಾದ ಹುಸೇನಮ್ಮ ಇಪ್ಪತ್ತು ವರ್ಷದಿಂದ ಹನ್ನೆರಡು ಹೆಣ್ಣಾಳುಗಳನ್ನು ಬಸ್ಸಿಗೆ ತುಂಬಿಕೊಂಡು, ಲಿಂಗಸುಗೂರು, ಮಸ್ಕಿ ದಾಟಿ, ಸಿಂಧನೂರಿನಾಚೆ ದಢೇಸುಗೂರಿನ ಕಾಲುವೆ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಲು ಬರುತ್ತಿದ್ದಳು. ಅವಳು ಹತ್ತಿದಳೆಂದರೆ ಕಂಡಕ್ಟರ್ ತಾನಾಗಿಯೇ ಸೀಟು ಬಿಟ್ಟು ನಿಲ್ಲುತ್ತಿದ್ದ. ಮಕ್ಕಳು ಉಳಿಯದ ಮನೆಯಲ್ಲಿ ಅವಳವ್ವ ಮೊಹರಂ ದೇವರಿಗೆ ಹರಕೆ ಹೊತ್ತು ಹಡೆದದ್ದಕ್ಕೆ ಆ ಹೆಸರು. ಮನೆದೇವರು ಅಮರೇಶ್ವರ, ಹಣೆಯಲ್ಲಿ ವಿಭೂತಿ, ಹೆಸರು ಹುಸೇನಮ್ಮ. ಗುರುಗುಂಟಾದಲ್ಲಿ ಯಾರಿಗೂ ಇದೊಂದು ಕಗ್ಗಂಟಾಗಿ ಕಂಡಿರಲಿಲ್ಲ.

ಬಾಂಬೆಯಲ್ಲಿ ಬಾಂಬು ಸಿಡಿದ ವರ್ಷದ ಮಳೆಗಾಲ. ನಾಟಿಗೆ ಹೊರಟ ಗುಂಪು ಮಸ್ಕಿಯಲ್ಲಿ ಇಳಿದು, ಸಂತೆಯಲ್ಲಿ ಹಸಿಮೆಣಸಿನಕಾಯಿ ಆರಿಸುತ್ತ ಕುಳಿತಿತ್ತು. ಗದ್ದೆಪ್ಪನೆಂಬ ಗುರುತಿಲ್ಲದ ರೈತನೊಬ್ಬ ಎದುರಿಗೇ ಬಂಡಿ ನಿಲ್ಲಿಸಿದ. ಎತ್ತು ಬಿಚ್ಚಿ ಬೇವಿನ ನೆರಳಿಗೆ ಕಟ್ಟಿ ಮೇವು ಹಾಕಿದ. ಅಂಗಿ ಬಿಚ್ಚಿ ಮಡಿಚಿಟ್ಟ. ಆಮೇಲೆ ಕೊಡಲಿ ಎತ್ತಿಕೊಂಡು, ಕೂಗುತ್ತ, ಸಂತೆಯಲ್ಲಿ ಕುಳಿತವರನ್ನು ಕಡಿಯತೊಡಗಿದ.

"ಅಂಜ್ರಿ! ಇನ್ನ ನನ್ ಹೆಸರು ಕೇಳಿದ್ರ ಸಂತ್ಯಾಗ ಯಾರೂ ಕುಂದ್ರಬಾರ್ದು!"

ಮೂವರು ಸತ್ತರು. ಮೊದಲನೆಯವಳು ಗುಂಪಿನ ಕರೆಮ್ಮ. ಉಡಿಯಲ್ಲಿ ಮೆಣಸಿನಕಾಯಿ ಹಾಗೇ ಇದ್ದವು. ಹುಸೇನಮ್ಮ ಹಿಂದಿನಿಂದ ಅವನ ಮುಖಕ್ಕೆ ಕಂಬಳಿ ಎಸೆದು ಬಿಗಿದ ಮೇಲೆಯೇ ಸಂತೆಯ ಗಂಡಸರಿಗೆ ಗಂಡಸುತನ ನೆನಪಾದದ್ದು.

ಐದನೆಯ ದಿನ ಹೇಳಿಕೆ ಕೊಡಲು ಅವಳಿಗೆ ಠಾಣೆಯಿಂದ ಕರೆ ಬಂತು. ದೂರದ ಜಿಲ್ಲೆಯಿಂದ ವರ್ಗವಾಗಿ ಬಂದಿದ್ದ ಸಾಹೇಬರು ಹೆಸರು ಕೇಳಿದವರೇ ಪೆನ್ನು ಕೆಳಗಿಟ್ಟರು.

"ಹುಸೇನಮ್ಮ? ಬಾಂಬೆ ಕಡೆ ಸಂಬಂಧಿಕರು ಇದ್ದಾರಾ? ಇದರಲ್ಲಿ ಉಗ್ರಗಾಮಿಗಳ ಕೈವಾಡ..."

"ಸಾಹೇಬ್ರ, ಆಕಿ ಅಮರೇಶ್ವರನ ಒಕ್ಕಲು ರೀ," ದಫೇದಾರ ಪಂಪಣ್ಣ ಅಡ್ಡ ಬಂದ. "ನಮ್ಮಣ್ಣನ ಹೆಸರು ಪಕೀರಪ್ಪ. ನಮ್ಮನ್ನೂ ಒಳಗ ಹಾಕ್ತೀರೇನ್ರಿ?"

ಸಾಹೇಬರ ಉಗ್ರಗಾಮಿ ಅಲ್ಲಿಗೇ ತಣ್ಣಗಾದ. ಕಡಿದವನು ಬರೀ ಗದ್ದೆಪ್ಪ ಎಂದಮೇಲೆ ಬರೆಯುವುದು ಸಲೀಸಾಯಿತು: 'ಮತಿಭ್ರಮಣೆಯಿಂದ'. ಹೇಳಿಕೆ ಬರೆದುಕೊಳ್ಳುವ ಅವಸರದಲ್ಲಿ ಅವಳನ್ನು ಕೇಳುವುದೇ ಮರೆತುಹೋಗಿತ್ತು. ಪಂಪಣ್ಣ ಓದಿ ಹೇಳಿದ ಮೇಲೆ, ಹೆಬ್ಬೆಟ್ಟು ಒತ್ತಲು ಮಸಿ ಡಬ್ಬಿ ಅವಳ ಮುಂದೆ ಬಂತು.

"ಒತ್ತಂಗಿಲ್ರಿ," ಎಂದಳು ಹುಸೇನಮ್ಮ. "ಹುಚ್ಚ ಎತ್ತಿಗೆ ನೆರಳು ನೋಡ್ತಾನೇನ್ರಿ? ರಕ್ತ ಹತ್ತೀತಂತ ಅಂಗಿ ಬಿಚ್ಚಿಡ್ತಾನೇನ್ರಿ? ಬಡಿಗಿ ಹಿಡಿದು ನಿಂತ ಕುರಿ ಕಾಯೋರನ್ನ ಬಿಟ್ಟು, ಬಗ್ಗಿ ಕುಂತ ಹೆಣ್ಮಕ್ಕಳ ಕಡೆ ಬಂದಾನ. ಹುಚ್ಚ ಅಂತ ಬರದು ನಾಳಿ ಮನಿಗೆ ಕಳಸ್ತೀರಿ. ಉಗ್ರಗಾಮಿ ಅಂತ ಬರೀರಿ. ಆ ಮಾತು ಈಗ ನನ್ ಹೆಸರಿಗೆ ಹಚ್ಚಾಕ ಹೊಂಟಿದ್ರಲ್ಲ!"

"ಅದಕ್ಕೆ ರಾಜಕೀಯ ಉದ್ದೇಶ ಬೇಕಮ್ಮ. ಸಂಘಟನೆ, ಬೇಡಿಕೆ..."

"ಅಂದ್ರ ಅವ ಮೊದ್ಲು ಸಂಘ ಕಟ್ಟಿ, ಅಧ್ಯಕ್ಷನ್ನ ಆರಿಸಿ, ಶಿಕ್ಕಾ-ಮುದ್ರಿ ಮಾಡಿಸ್ಕೊಂಡು ಬಂದು ಕರೆಮ್ಮನ್ನ ಕಡೀಬೇಕಿತ್ತೇನ್ರಿ?"

ಪಂಪಣ್ಣ ಮೀಸೆಯಡಿ ನಕ್ಕ. ಹುಸೇನಮ್ಮ ನಗಲಿಲ್ಲ.

"ಸಸಿ ಹಚ್ಚೋರು ಬಗ್ಗಿ ಹಿಂದಕ್ ಹಿಂದಕ್ ಸರೀತಾರ್ರಿ. ಬೆನ್ನಿಂದ ಏನೈತಿ ಕಾಣಂಗಿಲ್ಲ. ಈಗ ನನ್ನ ಹೆಣ್ಮಕ್ಕಳು ನಾಕ್ ಸಸಿ ಹಚ್ತಾರ, ಎದ್ದು ಹಿಂದ ನೋಡ್ತಾರ. ಅವ ಜೇಲಿನ್ಯಾಗ ಅದಾನ, ನಮ್ಮ ಗದ್ದ್ಯಾಗೂ ಅದಾನ. ಇದು ಅಂಜಿಕಿ ಅಲ್ಲಂದ್ರ ಮತ್ತೇನ್ರಿ?"

ಸಾಹೇಬರು ಕಾನೂನು ಹೇಳಿದರು. ಆಕೆ ಮೇಜಿನ ಪಕ್ಕ ನೆಲಕ್ಕೆ ಕುಳಿತಳು. ಎರಡು ಬಸ್ಸು ಹೋದವು. ಕಡೆಗೆ ಅವರು 'ಮತಿಭ್ರಮಣೆ'ಯನ್ನು ಹೊಡೆದುಹಾಕಿದರು. 'ಉಗ್ರಗಾಮಿ' ಎಂದು ಬರೆಯಲು ಮಾತ್ರ ಕೈ ಏಳಲಿಲ್ಲ. ಎತ್ತು, ಅಂಗಿ, ಕುರಿ ಕಾಯುವವರು, ಅವನು ಕೂಗಿದ ಮಾತು, ಎಲ್ಲವನ್ನೂ ಬರೆದು, 'ಜನರನ್ನು ಅಂಜಿಸಲೆಂದೇ' ಎಂದು ಸೇರಿಸಿದರು. ಪಂಪಣ್ಣ ಗಟ್ಟಿಯಾಗಿ ಓದಿದ. 'ಕೂಲಿ ಹೆಂಗಸು ಕರೆಮ್ಮ' ಎಂಬಲ್ಲಿ ಹುಸೇನಮ್ಮ ಕೈ ಅಡ್ಡ ಮಾಡಿದಳು.

"ಸಾಲಿನ ತುದಿಗೆ ನಿಂತು ಹಚ್ಚೋ ಆಳು ಆಕಿ. ಆಕಿನ್ನ ನೋಡೇ ಉಳಿದೋರು ಸಾಲು ಹಿಡೀತಿದ್ರು. ಬರೀರಿ."

ಬರೆದರು. ಆಕೆ ಹೆಬ್ಬೆಟ್ಟು ಒತ್ತಿದಳು. ಉಳಿದ ಮಸಿಯನ್ನು ತನ್ನ ಸೆರಗಿಗೆ ಒರೆಸಿಕೊಳ್ಳದೆ, ಸಾಹೇಬರ ಮೇಜಿನ ಹಸಿರು ಬಟ್ಟೆಗೇ ಚೆನ್ನಾಗಿ ಉಜ್ಜಿ, ದಢೇಸುಗೂರಿನ ಬಸ್ಸಿಗೆ ಹೊರಟಳು.