ಕಡಲೆಹಿಟ್ಟಿನ ಬಿಳುಪು

ಸೊಸೆ ಮೊಮ್ಮಗಳ ಮುಖಕ್ಕೆ ಕಡಲೆಹಿಟ್ಟು, ಅರಿಷಿಣ, ಹಾಲು ಕಲಸಿ ಹಚ್ಚುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮನೆಯ ಅಕ್ಕ ಬಂದು ಎದುರಿಗೆ ಕೂತಂತಾಯಿತು. ಅದಕ್ಕೇ ಹೊಸದಾಗಿ ಕಲಿತ ಈ ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ತಪ್ಪಿದ್ದರೆ ಬೆರಳಿನದು, ನನ್ನದಲ್ಲ.

ಅಕ್ಕನಿಗೆ ಒಬ್ಬಳೇ ಮಗಳು, ಅವಳಂತೆಯೇ ಕಪ್ಪು. ಅದೇ ಅಕ್ಕನ ಚಿಂತೆ. ವಾರಕ್ಕೊಮ್ಮೆ ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಕಡಲೆಹಿಟ್ಟು ತಿಕ್ಕುತ್ತಿದ್ದಳು. ಹುಡುಗಿಯ ಚೀರಾಟ ಓಣಿಗೆಲ್ಲ ಕೇಳುತ್ತಿತ್ತು.

"ಯಕ್ಕಾ, ಕೂಸಿನ ತೊಗಲ ಸುಲದೀತು!" ಎಂದು ನಾನು ಗೋಡೆಯಾಚೆಯಿಂದ ಕಾಡಿಸುತ್ತಿದ್ದೆ.

"ನಿನ್ನ ಮಾರಿಗೂ ಹಚ್ತೇನಿ, ಬಾ."

ನಮ್ಮ ನಿಡಗುಂದಿ ಕಡೆ ಕಾಲುವೆ ನೀರು ಬಂದ ಮೇಲೆ ಸೊಳ್ಳೆ ಹೆಚ್ಚಾದವು. ಮಲೇರಿಯಾ ಪರೀಕ್ಷೆಗೆ ರಕ್ತ ತೆಗೆಯುವವನು ಓಣಿಗೆ ಬಂದು, ಜ್ವರ ಇಲ್ಲದ ಮಕ್ಕಳದೂ ಬೇಕೆಂದ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಮಗಳಿಗೆ ಒಂದಿನ ಮೈ ಬೆಚ್ಚಗಾಗಿಲ್ಲ. ಸುಮ್ಮನ ಯಾಕ ಸೂಜಿ ಚುಚ್ತೀರಿ?"

"ಜ್ವರ ಇಲ್ದನೂ ಒಳಗ ಇರತೈತ್ರಿ ಅವ್ವಾರ. ರಕ್ತ ತಿಂತೈತಿ."

"ನಿನ್ನ ಬಾಯಾಗ ಮಣ್ಣ ಬೀಳ್ಲಿ!"

ಅವನು ಮುಂದಿನ ಮನೆಗೆ ಹೋದ.

ನಿಜಕ್ಕೂ ಜ್ವರ ಬರಲೇ ಇಲ್ಲ. ಹುಡುಗಿ ಮಾತ್ರ ಬೆಳ್ಳಗಾಗುತ್ತ ಬಂದಳು… ಮುಖ, ತುಟಿ, ಅಂಗೈ. "ನೋಡ್ರವಾ, ನನ್ನ ಹಿಟ್ಟಿನ ಗುಣ!" ಎಂದು ಅಕ್ಕ ಎಲ್ಲರಿಗೂ ತೋರಿಸಿದಳು. ನಾವೂ ಹೌದೆಂದೆವು. ತಿಕ್ಕುವಾಗ ಈಗ ಹುಡುಗಿ ಚೀರುತ್ತಿರಲಿಲ್ಲ. ಆಟ ಬಿಟ್ಟು ಕಟ್ಟೆಗೆ ಒರಗಿ ಕೂರುತ್ತಿದ್ದಳು. ಬುದ್ಧಿ ಬಂತು, ಶಾಣ್ಯಾಕಿ ಆದಳು ಎಂದುಕೊಂಡೆವು.

ಒಂದು ಮುಂಜಾನೆ ಶಾಲೆಗೆ ಹೊರಟವಳು ಹೊಸ್ತಿಲಲ್ಲೇ ಕುಸಿದಳು. ಬಾಗೇವಾಡಿಯ ದವಾಖಾನೆಗೆ ಅಕ್ಕನ ಜೊತೆ ನಾನೂ ಹೋದೆ. ಡಾಕ್ಟರು ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದರು. ಒಳಗೆ ಕೆಂಪೇ ಇಲ್ಲ, ಸುಣ್ಣ ಬಳಿದಂತೆ. ಪರೀಕ್ಷೆ ಮಾಡಿ, ಮಲೇರಿಯಾ ತಿಂಗಳುಗಟ್ಟಲೆ ಸದ್ದಿಲ್ಲದೆ ರಕ್ತ ತಿಂದಿದೆ ಎಂದರು.

"ಇಷ್ಟ ಬೆಳ್ಳಗಾಗೂತನಕ ಏನ್ ಮಾಡಿದ್ರಿ?"

ಅಕ್ಕ ತನ್ನ ಅಂಗೈ ನೋಡಿಕೊಂಡಳು. ಅರಿಷಿಣ ಇನ್ನೂ ಹೋಗಿರಲಿಲ್ಲ. ವಿಜಯಪುರಕ್ಕೆ ರಕ್ತ ತರಲು ಹೋದವರು ಬರುವಷ್ಟರಲ್ಲಿ…

ಆಮೇಲೆ ಅಕ್ಕ ಓಣಿಯಲ್ಲಿ ಸಿಕ್ಕ ಮಕ್ಕಳನ್ನೆಲ್ಲ ಹಿಡಿದು ರೆಪ್ಪೆ ಎಳೆದು ನೋಡುತ್ತಿದ್ದಳು. ಮಕ್ಕಳು ಅವಳನ್ನು ಕಂಡರೆ ಓಡುತ್ತಿದ್ದವು, ತಾಯಂದಿರು ಬಯ್ಯುತ್ತಿದ್ದರು. ನಾನು ಮಾತ್ರ ನನ್ನ ಮಗನ ರಟ್ಟೆ ಹಿಡಿದು ಅವಳ ಮುಂದೆ ನಿಲ್ಲಿಸುತ್ತಿದ್ದೆ. "ಕೆಂಪೈತಿ" ಎನ್ನುವಳು. ಅವಳೂ ಹೋಗಿ ವರ್ಷಗಳಾದವು.

ಈಗ ಮೊಮ್ಮಗಳನ್ನು ಕರೆದು, ಹಿಟ್ಟು ಮೆತ್ತಿದ ಮುಖ ಹಿಡಿದು, ರೆಪ್ಪೆ ಎಳೆದೆ.

"ಕಣ್ಣಾಗ ಏನ್ ಹುಡುಕ್ತಿ ಆಯಿ? ನಿನ್ನ ಕಳದ ಹಲ್ಲೇನು?"

"ಕೆಂಪೈತಿ" ಎಂದೆ, ಗೋಡೆಯ ಕಡೆ ತಿರುಗಿ, ಸ್ವಲ್ಪ ಜೋರಾಗಿಯೇ.

ಆಚೆ ಈಗ ಯಾರೂ ಇಲ್ಲ.